ಮೇಲಿನ ಬೆಂಕಿ

ಬೌಮ್‌ಕೂಖೆನ್ ಮನೆಯಲ್ಲಿ ಮಾಡುವಂಥದ್ದಲ್ಲ ಎಂದು ಜರ್ಮನಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಹೇಳುವವರ ದನಿಯಲ್ಲಿ ಆ ಕೇಕಿನ ಮೇಲಿನ ಗೌರವ ಕೇಳಿಸುತ್ತದೆ. ಅದಕ್ಕೆ ಮರದ ಉರುಳೆ ಬೇಕು, ಉರುಳೆಯನ್ನು ಒಂದೇ ಸಮನೆ ತಿರುಗಿಸುವ ಯಂತ್ರ ಬೇಕು, ಎದುರಿಗೆ ಸಾಲಾಗಿ ಉರಿಯುವ ಬೆಂಕಿ ಬೇಕು, ಆ ಬೆಂಕಿಯ ಮುಂದೆ ನಿಂತೂ ನಿಂತೂ ಪಳಗಿದ ಕೈ ಬೇಕು. ಮಾಗ್ಡೆಬುರ್ಗಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಇದ್ಯಾವುದೂ ಇಲ್ಲ. ಇರುವುದು ಮನೆಯ ಜೊತೆಗೇ ಬಂದ ಹಳೆಯ ಕರೆಂಟಿನ ಓವನ್, ಅದರ ನೆತ್ತಿಯಲ್ಲಿ ಗ್ರಿಲ್‌ನ ಕಂಬಿ. ಅಷ್ಟರಲ್ಲೇ ಬೌಮ್‌ಕೂಖೆನ್ ಆಗುತ್ತದೆ ಎನ್ನುವುದು ನನ್ನ ವಾದ.

ನೋಡದವರಿಗಾಗಿ ಅದರ ರೂಪವನ್ನು ಹೇಳಬೇಕು. ಕೇಕಿನ ಅಂಗಡಿಯ ಗಾಜಿನ ಹಿಂದೆ ಅದು ನೆಟ್ಟಗೆ ನಿಂತಿರುತ್ತದೆ, ನಡುವೆ ಟೊಳ್ಳಾದ ಒಂದು ಕಂಬ. ಹೊರಮೈ ಪೂರ್ತಿ ಉಬ್ಬು ತಗ್ಗುಗಳ ಉಂಗುರ. ಮೇಲೆ ಬಿಳಿ ಸಕ್ಕರೆಯ ಇಲ್ಲವೇ ಕಪ್ಪು ಚಾಕೊಲೇಟಿನ ತೆಳುವಾದ ಲೇಪ. ಹೂವಿಲ್ಲ, ಕೆನೆಯಿಲ್ಲ, ಹಣ್ಣಿನ ಚೂರಿಲ್ಲ. ಅಲಂಕಾರವೆಲ್ಲ ಒಳಗೆ. ಕುಯ್ದರೆ ಹಳದಿ ಪದರ, ಅದರ ಮೇಲೆ ಕೂದಲೆಳೆಯಷ್ಟು ಕಂದು ಗೆರೆ, ಮತ್ತೆ ಹಳದಿ, ಮತ್ತೆ ಗೆರೆ. ಕಡಿದ ಮರದ ಬುಡದಲ್ಲಿ ಕಾಣುವ ವರ್ಷದ ಬಳೆಗಳೇ. ಹೆಸರು ಬಂದದ್ದೂ ಅಲ್ಲಿಂದ. ಈ ದೇಶದ ಕೇಕು ಕಸುಬಿನವರ ಒಕ್ಕೂಟ ತನ್ನ ಲಾಂಛನಕ್ಕೆ ಆರಿಸಿಕೊಂಡದ್ದು ಇದನ್ನೇ. ನಮ್ಮೂರಿನ ಬೇಕರಿಗಳಲ್ಲಿಯೂ ಸಿಗುವ ಬ್ಲ್ಯಾಕ್ ಫಾರೆಸ್ಟ್ ಈ ಜರ್ಮನಿಯದೇ. ಆದರೆ ಇವರ ಕಸುಬಿನ ಪರೀಕ್ಷೆ ಎಂದರೆ ಬೌಮ್‌ಕೂಖೆನ್.

ಮಾಗ್ಡೆಬುರ್ಗಿನಿಂದ ಉತ್ತರಕ್ಕೆ, ಸ್ಟೆಂಡಾಲ್ ದಾಟಿ ಹೋಗುವ ರೈಲು ಹಿಡಿದರೆ ಜಾಲ್ಟ್ಸ್‌ವೇಡೆಲ್ ಸಿಗುತ್ತದೆ. ಆಲ್ಟ್‌ಮಾರ್ಕ್ ಎಂಬ ಸಮತಟ್ಟು ಸೀಮೆಯ ಹಳೆಯ ವ್ಯಾಪಾರದ ಊರು. ಮರದ ತೊಲೆಗಳ ಚೌಕಟ್ಟು ಕಟ್ಟಿ ನಡುವೆ ಇಟ್ಟಿಗೆ ತುಂಬಿದ ಮನೆಗಳು, ಕೆಂಪು ಇಟ್ಟಿಗೆಯ ಇಗರ್ಜಿಗಳು. ಕಾರ್ಲ್ ಮಾರ್ಕ್ಸ್‌ನ ಹೆಂಡತಿ ಜೆನ್ನಿ 1814ರಲ್ಲಿ ಹುಟ್ಟಿದ್ದು ಇಲ್ಲಿಯೇ. ಪ್ರಷ್ಯದ ದೊರೆ ನಾಲ್ಕನೆಯ ಫ್ರೀಡ್ರಿಕ್ ವಿಲ್‌ಹೆಲ್ಮ್ 1841ರಲ್ಲಿ ಬಂದಾಗ ಅವನಿಗೆ ಬೌಮ್‌ಕೂಖೆನ್ ಬಡಿಸಿದರು, ಅವನು ಬಲು ಮೆಚ್ಚಿದ ಎಂಬ ಕಥೆಯನ್ನು ಊರಿನವರು ಈಗಲೂ ಹೇಳುತ್ತಾರೆ. ಐರೋಪ್ಯ ಒಕ್ಕೂಟ 2010ರಲ್ಲಿ ಈ ಊರಿನ ಬೌಮ್‌ಕೂಖೆನ್‌ಗೆ ಭೌಗೋಳಿಕ ಸೂಚಕದ ರಕ್ಷಣೆ ಕೊಟ್ಟಿತು. ದೇಶದಲ್ಲಿ ಇದಕ್ಕೆ ಹೆಸರಾದ ಊರುಗಳು ಬೇರೆಯೂ ಇವೆ, ಕೋಟ್‌ಬುಸ್ ಇದೆ, ಡ್ರೆಸ್ಡೆನ್ ಇದೆ. ಆದರೆ ಬೆಂಕಿಯ ಎದುರಿನ ಕೆಲಸವನ್ನು ಹತ್ತಿರದಿಂದ ನೋಡಲು ನನಗೆ ಸಿಕ್ಕಿದ್ದು ಜಾಲ್ಟ್ಸ್‌ವೇಡೆಲ್‌ನಲ್ಲಿ.

ಅಲ್ಲಿ ಉರುಳೆ ಅಡ್ಡಕ್ಕೆ ಮಲಗಿರುತ್ತದೆ. ಅದಕ್ಕೆ ಕಾಗದ ಸುತ್ತಿ, ಕಾಗದ ಜಾರದಂತೆ ದಾರ ಬಿಗಿದಿರುತ್ತಾರೆ. ಪಕ್ಕದಲ್ಲಿ ಉದ್ದಕ್ಕೆ ಉರಿಯುವ ಜ್ವಾಲೆ, ಕೆಳಗೊಂದು ತಟ್ಟೆ. ಬಿಳಿ ಅಂಗಿ ತೊಟ್ಟ ಹೆಂಗಸು ಸೌಟಿನಲ್ಲಿ ಹಿಟ್ಟನ್ನು ಮೊಗೆದು, ತಿರುಗುತ್ತಿರುವ ಉರುಳೆಯ ಉದ್ದಕ್ಕೂ ಹುಯ್ಯುತ್ತಾಳೆ. ಹಿಟ್ಟಿನ ಅರ್ಧ ಮೈಗೆ ಹತ್ತುತ್ತದೆ, ಅರ್ಧ ತಟ್ಟೆಗೆ ಇಳಿಯುತ್ತದೆ. ಇಳಿದದ್ದನ್ನೇ ಮತ್ತೆ ಮೊಗೆಯುತ್ತಾಳೆ. ಇಳಿಯುತ್ತಾ ಇಳಿಯುತ್ತಾ ಹಿಟ್ಟು ಅಲ್ಲಲ್ಲಿ ಹನಿಗಟ್ಟಿ ನಿಲ್ಲುತ್ತದೆ. ಮುಂದಿನ ಸೌಟಿನ ಹಿಟ್ಟು ಆ ಹನಿಯನ್ನೇ ಹಿಡಿದು ಉಬ್ಬುತ್ತದೆ. ಹೊರಮೈಯ ಉಂಗುರಗಳು ಹುಟ್ಟುವುದು ಹೀಗೆ. ಅವಳ ಹತ್ತಿರ ಗಡಿಯಾರ ಕಾಣಲಿಲ್ಲ. ಬಣ್ಣ ನೋಡುತ್ತಿದ್ದಳು. ಹಳದಿ ಹೋಗಿ ಕಂದು ಬಂತೋ, ಸೌಟು ಎದ್ದಿತು. ಒಂದು ಪದರ ಬೇಯುವವರೆಗೆ ಅವಳು ಇನ್ನೊಂದು ಕೆಲಸಕ್ಕೆ ಕೈ ಹಾಕಲಿಲ್ಲ. ಜೊತೆಗಿದ್ದವರ ಜೊತೆ ಮಾತಾಡುವಾಗಲೂ ಕಣ್ಣು ಉರುಳೆಯ ಮೇಲೆಯೇ.

ನೋಡುತ್ತಾ ನಿಂತ ನನಗೆ ತೋಚಿದ್ದನ್ನು ಇಲ್ಲಿ ಹೇಳಬೇಕು. ಉರುಳೆ ಇರುವುದರಿಂದ ಈ ಕೇಕಿಗೆ ಕಂಬದ ಆಕಾರ ಬರುತ್ತದೆ, ಸರಿ. ಆದರೆ ಇದನ್ನು ಬೌಮ್‌ಕೂಖೆನ್ ಮಾಡುವುದು ಆಕಾರವಲ್ಲ. ಒಂದೇ ಕಡೆಯಿಂದ ಬೀಳುವ ಕಾವು, ಅದರೆದುರು ಒಂದು ತೆಳು ಪದರ, ಅದು ಪೂರ್ತಿ ಬೆಂದ ಮೇಲೆಯೇ ಇನ್ನೊಂದು. ಇಷ್ಟೇ ಇದರ ಜೀವ. ಉರುಳೆಯ ಮೇಲೆ ಬೆಂಕಿ ಪಕ್ಕದಿಂದ ಬೀಳುತ್ತದೆ, ನನ್ನ ಓವನ್‌ನಲ್ಲಿ ಮೇಲಿನಿಂದ ಬೀಳುತ್ತದೆ. ಪದರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಜರ್ಮನಿಯ ಮನೆಗಳಲ್ಲೂ ಇದನ್ನು ಅಚ್ಚಿನಲ್ಲಿ ಮಾಡುವವರಿದ್ದಾರೆ. ಆದರೆ ಅದಕ್ಕೆ ಅವರು ಶಿಖ್ಟ್‌ಟೋರ್ಟೆ ಎಂದು ಬೇರೆ ಹೆಸರಿಟ್ಟು ಒಂದು ಮೆಟ್ಟಿಲು ಕೆಳಗೆ ಕೂರಿಸಿದ್ದಾರೆ. ನಮ್ಮ ಮೇಲಿನ ಮನೆಯಲ್ಲಿರುವ ಅಜ್ಜಿ ಆಲ್ಟ್‌ಮಾರ್ಕಿನ ಹಳ್ಳಿಯಲ್ಲಿ ಬೆಳೆದವರು. ಅವರದು ಈ ವಿಷಯದಲ್ಲಿ ಒಂದೇ ಮಾತು: "ನೀವು ಮಾಡುವುದು ಚೆನ್ನಾಗಿದೆ, ಆದರೆ ಅದು ಶಿಖ್ಟ್‌ಟೋರ್ಟೆ." ಅವರಿಗೂ ನನಗೂ ಇದರ ಬಗ್ಗೆ ಮೆಟ್ಟಿಲ ಮೇಲೆ ನಿಂತು ಎಷ್ಟೋ ಸಲ ಚರ್ಚೆ ನಡೆದಿದೆ.

ನನ್ನ ಪರವಾಗಿ ನಾನು ಕಾಗದವನ್ನೂ ತೋರಿಸಬಲ್ಲೆ. ಯಾವ ತಿಂಡಿಯನ್ನು ಯಾವ ಹೆಸರಿನಿಂದ ಮಾರಬಹುದು ಎಂಬುದಕ್ಕೆ ಜರ್ಮನಿಯಲ್ಲಿ ಲಿಖಿತ ಮಾರ್ಗಸೂತ್ರಗಳಿವೆ. ಬೌಮ್‌ಕೂಖೆನ್‌ಗೆ 100 ಪಾಲು ಮೈದಾ ಮತ್ತು ಪಿಷ್ಟಕ್ಕೆ ಕಡಿಮೆಯೆಂದರೆ 100 ಪಾಲು ಬೆಣ್ಣೆ, 200 ಪಾಲು ಮೊಟ್ಟೆ ಇರಬೇಕು. ಬೇಕಿಂಗ್ ಪೌಡರ್ ಕೂಡದು. ನನ್ನ ಲೆಕ್ಕ ಅಲ್ಲಿಂದಲೇ ಹೊರಟದ್ದು. ಮೈದಾ 75 ಗ್ರಾಂ, ಕಾರ್ನ್‌ಫ್ಲೋರ್ 75 ಗ್ರಾಂ. ಹಾಗಾದರೆ ಮೊಟ್ಟೆ 300 ಗ್ರಾಂ, ಅಂದರೆ ಸಿಪ್ಪೆ ಬಿಟ್ಟು ಮಧ್ಯಮ ಗಾತ್ರದ 6. ಬೆಣ್ಣೆಗೆ 150 ಸಾಕಿತ್ತು, ನಾನು 200 ಹಾಕುತ್ತೇನೆ. ಸಕ್ಕರೆ 200. ಇದರ ಮೇಲೆ 100 ಗ್ರಾಂ ಬಾದಾಮಿಯ ಮಾರ್ಜಿಪಾನ್, ಎರಡು ಚಮಚ ರಮ್, ಒಂದು ನಿಂಬೆಯ ಹಳದಿ ಸಿಪ್ಪೆಯ ತುರಿ, ವೆನಿಲಾ ಕಾಯಿಯ ಒಳಗಿನ ಕಾಳು, ಚಿಟಿಕೆ ಉಪ್ಪು. 20 ಸೆಂಟಿಮೀಟರ್ ಅಗಲದ, ಪಕ್ಕದ ಪಟ್ಟಿ ಬಿಚ್ಚಿಕೊಳ್ಳುವ ದುಂಡು ಅಚ್ಚಿಗೆ ಇದು ಸರಿಯಾಗುತ್ತದೆ.

ಬೇಕಿಂಗ್ ಪೌಡರ್ ಬೇಡವೆಂದದ್ದು ಬರೀ ಸಂಪ್ರದಾಯದ ಹಟವಲ್ಲ. ಪೌಡರ್ ಬಿದ್ದರೆ ಪ್ರತಿ ಪದರವೂ ತನ್ನಷ್ಟಕ್ಕೆ ಉಬ್ಬುತ್ತದೆ, ಗೆರೆ ಡೊಂಕಾಗುತ್ತದೆ, ಕೊನೆಗೆ ಸಿಗುವುದು ಒಂದು ಸಾದಾ ಸ್ಪಂಜು ಕೇಕು. ಇಲ್ಲಿ ಗಾಳಿ ಬರಬೇಕಾದದ್ದು ಮೊಟ್ಟೆಯ ಬಿಳಿಯಿಂದ. ಹಾಗಾಗಿ ಬಿಳಿ, ಹಳದಿ ಬೇರೆ ಬೇರೆ. ಮೆತ್ತಗಾದ ಬೆಣ್ಣೆಗೆ ತುರಿದ ಮಾರ್ಜಿಪಾನ್ ಸೇರಿಸಿ, ಗಂಟು ಉಳಿಯದಂತೆ ಕಡೆಯಬೇಕು. ಅರ್ಧ ಸಕ್ಕರೆ, ಆಮೇಲೆ ಹಳದಿಗಳು ಒಂದೊಂದಾಗಿ. ಇನ್ನೊಂದು ಪಾತ್ರೆಯಲ್ಲಿ ಬಿಳಿಯನ್ನು ಉಳಿದ ಸಕ್ಕರೆಯ ಜೊತೆ ಬೀಟರಿನಿಂದ ಕಡೆದರೆ ಹೊಳೆಯುವ ನೊರೆ ಏಳುತ್ತದೆ. ಬೀಟರ್ ಎತ್ತಿದಾಗ ಅದರ ತುದಿ ಸ್ವಲ್ಪ ಬಾಗಿ ನಿಲ್ಲಬೇಕು. ತೀರ ಗಟ್ಟಿಯಾದ ನೊರೆ ಬೆಣ್ಣೆಯ ಜೊತೆ ಕೂಡದೆ ತುಂಡಾಗುತ್ತದೆ. ನೊರೆಯನ್ನು ಮೂರು ಕಂತಿನಲ್ಲಿ, ಜರಡಿ ಹಿಡಿದ ಹಿಟ್ಟಿನೊಂದಿಗೆ, ಅಡಿಯಿಂದ ಮೇಲಕ್ಕೆ ಮಗುಚುತ್ತಾ ಸೇರಿಸಬೇಕು. ಇಲ್ಲಿ ಕೈ ಹಗುರವಿದ್ದಷ್ಟೂ ಒಳ್ಳೆಯದು. ಮಾರ್ಜಿಪಾನ್‌ನಲ್ಲಿರುವ ಬಾದಾಮಿಯ ಎಣ್ಣೆಯಿಂದಲೇ ಈ ಕೇಕು ದಿನಗಟ್ಟಲೆ ಒಣಗದೆ ಉಳಿಯುವುದು, ಅದನ್ನು ಬಿಟ್ಟು ಮಾಡಿದರೆ ಮರುದಿನಕ್ಕೇ ಗೊತ್ತಾಗುತ್ತದೆ.

ಮಾರ್ಜಿಪಾನ್ ಎಂದ ತಕ್ಷಣ ಮೇಲಿನ ಮನೆಯ ಅಜ್ಜಿಗೆ ಪೂರ್ವ ಜರ್ಮನಿಯ ದಿನಗಳು ನೆನಪಾಗುತ್ತವೆ. ಜಾಲ್ಟ್ಸ್‌ವೇಡೆಲ್ ಇದ್ದದ್ದು ಆ ದೇಶದ ಪಶ್ಚಿಮದ ಅಂಚಿನಲ್ಲಿ, ಗಡಿಯ ಬೇಲಿಗೆ ಬಹಳ ಹತ್ತಿರ. ಬಾದಾಮಿಯನ್ನು ಹೊರದೇಶದಿಂದ ತರಿಸಬೇಕು, ತರಿಸಲು ವಿದೇಶಿ ಹಣ ಬೇಕು. ಹಾಗಾಗಿ ಅಂಗಡಿಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಏಪ್ರಿಕಾಟ್ ಬೀಜದ ಪರ್ಸಿಪಾನ್. ಕ್ರಿಸ್‌ಮಸ್ಸಿನ ಸ್ಟೋಲನ್ ಬ್ರೆಡ್ಡಿಗೆ ಸಿಹಿಗಟ್ಟಿದ ನಿಂಬೆ ಸಿಪ್ಪೆ ಸಿಗದೆ ಹಸಿರು ಟೊಮೆಟೊ, ಗಜ್ಜರಿಯ ಚೂರುಗಳನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಹಾಕುತ್ತಿದ್ದ ಕಾಲ. "ಪಶ್ಚಿಮದ ನೆಂಟರು ಪಾರ್ಸೆಲ್ಲಿನಲ್ಲಿ ಬಾದಾಮಿ ಕಳಿಸಿದ ವರ್ಷ ಅಮ್ಮ ಶಿಖ್ಟ್‌ಟೋರ್ಟೆ ಮಾಡುತ್ತಿದ್ದಳು" ಎಂದರು ಒಮ್ಮೆ. ಆ ಮಾತು ಕೇಳಿದಾಗಿನಿಂದ ಅವರು ಆ ಹೆಸರನ್ನು ಬಿಟ್ಟುಕೊಡದಿರುವುದರ ಮೇಲೆ ನನಗೆ ಆಕ್ಷೇಪವಿಲ್ಲ. ಅವರ ತಾಯಿ ಮಾಡಿದ್ದಕ್ಕೆ ಅವರ ತಾಯಿ ಇಟ್ಟ ಹೆಸರು ಅದು. ನನ್ನ ವಾದ ಮಾತ್ರ ಇದ್ದಲ್ಲೇ ಇದೆ.

ಇನ್ನು ಬೇಯಿಸುವ ಮಾತು. ಗ್ರಿಲ್ 240 ಡಿಗ್ರಿಗೆ ಕಾಯಬೇಕು, ಕಂಬಿ ಕೆಂಪಗಾಗಬೇಕು. ಅಚ್ಚಿನ ತಳಕ್ಕೆ ಬಟರ್ ಪೇಪರ್ ಹಾಸಿ, ಒಂದು ಸಣ್ಣ ಸೌಟು ಹಿಟ್ಟು ಹಾಕಿ, ಚಮಚದ ಬೆನ್ನಿನಿಂದ ಅಂಚಿನವರೆಗೆ ಹರಡಬೇಕು. ದಪ್ಪ 3 ಮಿಲಿಮೀಟರ್ ಇದ್ದರೆ ಸಾಕು. ಮೇಲಿನಿಂದ ಎರಡನೆಯ ಗೂಡಿನಲ್ಲಿಟ್ಟು ಬಾಗಿಲು ಹಾಕಿದ ಮೇಲೆ ಅಲ್ಲಿಂದ ಕದಲುವಂತಿಲ್ಲ. ನಾನು ಅಡುಗೆಮನೆಯ ಮಣೆಯನ್ನು ಓವನ್‌ನ ಮುಂದೆ ಹಾಕಿಕೊಂಡು ಗಾಜಿನ ಎದುರಿಗೇ ಕೂರುತ್ತೇನೆ. ಮೊದಲ ಅರ್ಧ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಹೊಳಪು ಮಾಯವಾಗಿ ಮೇಲ್ಮೈ ಮಂಕಾಗುತ್ತದೆ. ಅಲ್ಲಲ್ಲಿ ಸಾಸಿವೆಯಷ್ಟು ಗುಳ್ಳೆ ಏಳುತ್ತವೆ. ಬಣ್ಣ ಮೊದಲು ತಿರುಗುವುದು ಕಂಬಿಯ ನೇರಕ್ಕೆ, ನಡುವಿನಲ್ಲಿ. ಅಲ್ಲಿಂದ ಅಂಚಿನ ಕಡೆಗೆ ಹರಿಯುತ್ತದೆ. ಅಚ್ಚನ್ನು ಒಮ್ಮೆ ಅರ್ಧ ಸುತ್ತು ತಿರುಗಿಸಿದರೆ ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ. ನನಗೆ ಬೇಕಾದ ಬಣ್ಣ ಯಾವುದು ಎಂದರೆ, ಎಣ್ಣೆ ಸವರಿದ ಕಾವಲಿಯ ಮೇಲೆ ಹದವಾಗಿ ಕೆಂಪಾದ ದೋಸೆಯ ಬೆನ್ನಿನ ಬಣ್ಣ. ಅದಕ್ಕಿಂತ ತಿಳಿಯಾದರೆ ಕುಯ್ದಾಗ ಗೆರೆ ಕಾಣುವುದಿಲ್ಲ, ಅದಕ್ಕಿಂತ ಗಾಢವಾದರೆ ಕಹಿ.

ಎರಡರಿಂದ ಮೂರು ನಿಮಿಷಕ್ಕೆ ಒಂದು ಪದರ. ತೆಗೆ, ಹುಯ್ಯಿ, ಹರಡು, ಇಡು. ಬಿಸಿಯಾಗಿರುವ ಪದರದ ಮೇಲೆ ಹೊಸ ಹಿಟ್ಟು ಬಿದ್ದ ಕೂಡಲೇ ಅದರಲ್ಲಿನ ಬೆಣ್ಣೆ ಕರಗಿ ಹಿಟ್ಟು ತಾನಾಗಿ ಹರಿಯುತ್ತದೆ, ಎರಡನೆಯದರಿಂದ ಮುಂದೆ ಹರಡುವ ಕೆಲಸ ಸುಲಭ. ನಾಲ್ಕೈದು ಪದರವಾದ ಮೇಲೆ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕೇಕು ಎತ್ತರವಾದಂತೆ ಅದರ ಮುಖ ಕಂಬಿಗೆ ಹತ್ತಿರವಾಗುತ್ತಾ ಹೋಗುತ್ತದೆ. ಮೂರು ನಿಮಿಷಕ್ಕೆ ಬರುತ್ತಿದ್ದ ಬಣ್ಣ ಎರಡಕ್ಕೇ ಬರುತ್ತದೆ, ಆದರೆ ಒಳಗೆ ಹಿಟ್ಟು ಹಸಿಯಾಗಿಯೇ ಇರುತ್ತದೆ. ಆಗ ಅಚ್ಚನ್ನು ಒಂದು ಗೂಡು ಕೆಳಗಿಳಿಸಬೇಕು. ಜಾಲ್ಟ್ಸ್‌ವೇಡೆಲ್‌ನಲ್ಲಿಯೂ ಉರುಳೆ ದಪ್ಪವಾದಂತೆ ಅದನ್ನು ಬೆಂಕಿಯಿಂದ ದೂರ ಸರಿಸುತ್ತಿದ್ದರು. ಅದನ್ನು ಅಲ್ಲಿ ನೋಡಿರದಿದ್ದರೆ ನನ್ನ ಓವನ್‌ನ ಗೂಡುಗಳ ಪ್ರಯೋಜನ ನನಗೆ ಹೊಳೆಯುತ್ತಿತ್ತೋ ಇಲ್ಲವೋ.

ಮೊದಲ ಪದರ ಒಲೆಗೆ ಹೋಗಿ ಮುಕ್ಕಾಲು ಗಂಟೆಯ ಮೇಲಾದರೂ ಅದು ಸೀದುಹೋಗುವುದಿಲ್ಲವಲ್ಲ, ಯಾಕೆ? ಗ್ರಿಲ್‌ನ ಕಾವು ಕಿರಣವಾಗಿ ಬೀಳುವಂಥದ್ದು. ತಾಕಿದ ಮೇಲ್ಮೈಯನ್ನು ಬಾಡಿಸುತ್ತದೆ, ಆಳಕ್ಕೆ ಇಳಿಯುವುದಿಲ್ಲ. ನೊರೆಯಿಂದ ಮಾಡಿದ ಹಿಟ್ಟಿನ ತುಂಬ ಗಾಳಿ. ಗಾಳಿ ಬಿಸಿಯನ್ನು ಕೆಳಗೆ ದಾಟಿಸಲು ಒಪ್ಪುವುದಿಲ್ಲ. ಹಾಗಾಗಿ ಪ್ರತಿ ಹೊಸ ಪದರವೂ ತನ್ನ ಕೆಳಗಿನದನ್ನು ಕಾಯುತ್ತದೆ. ಓವನ್‌ನ ಕೆಳಗಿನ ಕಾವನ್ನು ಇಲ್ಲಿ ಹಾಕಲೇಬಾರದು. ಮಾಮೂಲು ಕೇಕು ಬೇಯಿಸುವಂತೆ ಎರಡೂ ಕಡೆಯ ಕಾವು ಕೊಟ್ಟರೆ ಮೇಲಿನ ಪದರ ಮುಗಿಯುವ ಹೊತ್ತಿಗೆ ತಳ ರೊಟ್ಟಿಯಾಗಿರುತ್ತದೆ.

ಈ ಮೇಲಿನ ಬೆಂಕಿಯನ್ನು ನಾನು ಮೊದಲು ಕಂಡದ್ದು ಜರ್ಮನಿಯಲ್ಲಲ್ಲ. ನನ್ನೂರು ಕಾರವಾರ. ಗಡಿ ದಾಟಿದರೆ ಗೋವಾ. ನಮ್ಮ ಪಕ್ಕದ ಕ್ರಿಶ್ಚಿಯನ್ ಮನೆಯಲ್ಲಿ ಕ್ರಿಸ್‌ಮಸ್ಸಿನ ಹೊತ್ತಿಗೆ ಬೆಬಿಂಕಾ ಮಾಡುತ್ತಿದ್ದರು. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ, ಜಾಯಿಕಾಯಿ; ಪದರ ಪದರಕ್ಕೂ ತುಪ್ಪ. ಪಾತ್ರೆಯ ಮುಚ್ಚಳದ ಮೇಲೆ ತೆಂಗಿನ ಸಿಪ್ಪೆಯ ಕೆಂಡ. ಒಂದು ಪದರ ಕೆಂಪಾದ ಮೇಲೆ ಮುಚ್ಚಳ ಎತ್ತಿ, ತುಪ್ಪ ಹಾಕಿ, ಇನ್ನೊಂದು ಪದರ ಹುಯ್ದು ಮತ್ತೆ ಮುಚ್ಚಬೇಕು. ಏಳು ಪದರವಾದರೂ ಇರಬೇಕು ಎಂಬುದು ಅವರ ಕಟ್ಟಳೆ. ಆ ಮನೆಯೊಡತಿ ಬಾಯಿ ಹಿತ್ತಿಲಲ್ಲಿ ಕೆಂಡದ ಮುಚ್ಚಳವನ್ನು ಇಕ್ಕಳದಲ್ಲಿ ಎತ್ತಿ ಇಳಿಸುತ್ತಾ ಮಧ್ಯಾಹ್ನವಿಡೀ ಅಲ್ಲೇ ಇರುತ್ತಿದ್ದರು. ಮಕ್ಕಳಾದ ನಾವು ಸುತ್ತ ಕೂತಿರುತ್ತಿದ್ದೆವು. ಗೋವಾದ ಬೆಬಿಂಕಾಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು.

ನನ್ನ ಕೇಕಿನ ಒಳಗನ್ನು ವಿಡಿಯೊ ಕರೆಯಲ್ಲಿ ತೋರಿಸಿದಾಗ ಅಮ್ಮನ ಬಾಯಿಂದ ಮೊದಲು ಬಂದ ಮಾತು, "ಇದು ಬಾಯಿ ಮನೆ ಬೆಬಿಂಕಾ ಅಲ್ವೇನೇ?"

"ಅಲ್ಲಮ್ಮಾ, ಇದಕ್ಕೆ ತೆಂಗಿನ ಹಾಲಿಲ್ಲ, ಬೆಣ್ಣೆ."

"ಬೆಣ್ಣೆನೋ ಹಾಲೋ, ಬೆಂಕಿ ಮೇಲಿಂದ ತಾನೇ ಕೊಟ್ಟಿದ್ದು?"

ಅಮ್ಮ ಹೇಳಿದ್ದು ಸರಿ. ಗೋವಾದವರು ಜರ್ಮನರಿಂದ ಕಲಿತರು ಎಂದಾಗಲಿ, ಜರ್ಮನರು ಇನ್ಯಾರಿಂದಲೋ ತಂದರು ಎಂದಾಗಲಿ ನಾನು ಹೇಳುತ್ತಿಲ್ಲ. ಡಚ್ಚರ ಕಾಲದಲ್ಲಿ ಇಂಡೊನೇಷ್ಯದಲ್ಲಿಯೂ ಹೀಗೆಯೇ ಪದರ ಪದರವಾಗಿ ಬೇಯಿಸಿದ, ಲವಂಗ ಚಕ್ಕೆಗಳ ಘಮದ ಲಾಪಿಸ್ ಲೆಗಿಟ್ ಬಂತು. ಮೇಲಿನ ಕಾವು, ತೆಳುವಾದ ಪದರ, ಕಾಯುವ ಮನುಷ್ಯ. ಈ ಮೂರನ್ನು ಕೂಡಿಸಿದ ಅಡುಗೆಮನೆಗಳು ಒಂದಕ್ಕಿಂತ ಹೆಚ್ಚು ಇದ್ದವು. ಅವುಗಳಲ್ಲಿ ಎಲ್ಲೂ ಉರುಳೆ ಇರಲಿಲ್ಲ.

ಉರುಳೆಯ ಕಥೆಯಲ್ಲೂ ನನ್ನ ಮನಸ್ಸನ್ನು ಹಿಡಿದಿಟ್ಟಿರುವುದು ಜಾಲ್ಟ್ಸ್‌ವೇಡೆಲ್‌ನ ದೊರೆಯಲ್ಲ, ಹಿರೋಶಿಮಾದ ಕೈದಿ. ಕಾರ್ಲ್ ಯೂಖ್‌ಹೈಮ್ ಹುಟ್ಟಿದ್ದು 1886ರಲ್ಲಿ, ರೈನ್ ದಂಡೆಯ ಕೌಬ್‌ನಲ್ಲಿ. ಆಗ ಜರ್ಮನಿಯ ವಶದಲ್ಲಿದ್ದ ಚೀನಾದ ಚಿಂಗ್‌ಡಾವ್ ಬಂದರಿಗೆ ಹೋಗಿ ಅಲ್ಲಿ ಕೇಕಿನ ಅಂಗಡಿ ಇಟ್ಟ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿಯೇ ಜಪಾನ್ ಚಿಂಗ್‌ಡಾವನ್ನು ಗೆದ್ದುಕೊಂಡಿತು. ಜರ್ಮನರನ್ನು ಸೆರೆಹಿಡಿದು ಜಪಾನಿಗೆ ಒಯ್ದರು. ಯೂಖ್‌ಹೈಮ್ ಕೊನೆಗೆ ಬಂದು ಸೇರಿದ್ದು ಹಿರೋಶಿಮಾದ ಎದುರಿನ ನಿನೊಶಿಮಾ ದ್ವೀಪದ ಶಿಬಿರಕ್ಕೆ. ಯುದ್ಧ ಮುಗಿದ ಮೇಲೆ, 1919ರ ಮಾರ್ಚ್ 4ರಂದು, ಕೈದಿಗಳು ತಯಾರಿಸಿದ ವಸ್ತುಗಳ ಪ್ರದರ್ಶನ ಹಿರೋಶಿಮಾ ನಗರದಲ್ಲಿ ನಡೆಯಿತು. ಅಲ್ಲಿ ಅವನು ಬೌಮ್‌ಕೂಖೆನ್ ಬೇಯಿಸಿ ಮಾರಿದ. ಜಪಾನಿನವರು ಆ ಕೇಕನ್ನು ಮೊದಲು ಕಂಡದ್ದು ಅವತ್ತು. ಪ್ರದರ್ಶನ ನಡೆದ ಕಟ್ಟಡ ಜೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಜೆಲ್ ವಿನ್ಯಾಸ ಮಾಡಿದ, 1915ರಲ್ಲಿ ಕಟ್ಟಿ ಮುಗಿಸಿದ ವಾಣಿಜ್ಯ ಪ್ರದರ್ಶನ ಭವನ. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಅದರ ಗುಮ್ಮಟದ ಉಕ್ಕಿನ ಪಂಜರ ಉಳಿಯಿತು. ಶಾಲೆಯ ಪಾಠದ ಪುಸ್ತಕದಲ್ಲಿ ನಾವೆಲ್ಲ ಚಿತ್ರ ನೋಡಿರುವ ಆ ಗುಮ್ಮಟದ ಕೆಳಗೆ ಒಂದು ದಿನ ಬೆಣ್ಣೆ, ವೆನಿಲಾಗಳ ಪರಿಮಳ ತುಂಬಿತ್ತು ಎಂದು ಓದಿದ ದಿನ ನಾನು ಬೇರೆ ಕೆಲಸ ಮಾಡಲಾಗದೆ ಸುಮ್ಮನೆ ಕೂತಿದ್ದೆ.

ಬಿಡುಗಡೆಯಾದ ಮೇಲೆ ಅವನು ಊರಿಗೆ ಮರಳಲಿಲ್ಲ. ಹೆಂಡತಿ ಎಲಿಜೆಯ ಜೊತೆ 1922ರಲ್ಲಿ ಯೊಕೊಹಾಮಾದಲ್ಲಿ ಅಂಗಡಿ ತೆರೆದ. ಮರುವರ್ಷ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಅದು ನೆಲಸಮವಾಯಿತು. ಕೋಬೆಗೆ ಹೋಗಿ ಮತ್ತೆ ಶುರುಮಾಡಿದ. 1945ರ ಆಗಸ್ಟ್ 14ರಂದು ತೀರಿಕೊಂಡ. ಮರುದಿನ ಚಕ್ರವರ್ತಿಯ ದನಿ ರೇಡಿಯೊದಲ್ಲಿ ಶರಣಾಗತಿಯನ್ನು ಸಾರಿತು. ಇವತ್ತು ಬೌಮ್‌ಕೂಖೆನ್ ಜಪಾನಿನಲ್ಲಿ ಮನೆಮಾತು. ಒಂದರ ಮೇಲೊಂದು ಕೂಡುವ ಬಳೆಗಳು ದೀರ್ಘಾಯುಷ್ಯದ, ಗಟ್ಟಿ ದಾಂಪತ್ಯದ ಸಂಕೇತವೆಂದು ಮದುವೆಗೆ ಬಂದವರಿಗೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಕೊಟ್ಟು ಕಳಿಸುತ್ತಾರೆ. ಮಾರ್ಚ್ 4 ಅಲ್ಲಿ ಬೌಮ್‌ಕೂಖೆನ್ ದಿನ.

ಶಿಬಿರದ ಕೈದಿಯ ಹತ್ತಿರ ತನ್ನ ಅಂಗಡಿಯ ಯಾವ ಸಲಕರಣೆ ಇದ್ದೀತು? ಆದರೂ ಅವನು ಮಾಡಿದ್ದಕ್ಕೆ ಬೇರೆ ಹೆಸರಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಈ ಕಥೆಯನ್ನು ಮೇಲಿನ ಮನೆಯ ಅಜ್ಜಿಗೆ ಹೇಳಿದೆ. ಬಹಳ ಆಸಕ್ತಿಯಿಂದ ಕೇಳಿದರು. ಆಮೇಲೆ, "ಆದರೆ ಅವನು ಕೋಲಿಗೆ ಸುತ್ತಿ ಮಾಡಿದನಲ್ಲವೇ?" ಎಂದರು.

ಹಿಟ್ಟು ತೀರುವ ಹೊತ್ತಿಗೆ ಪದರ ಹದಿನಾಲ್ಕರ ಆಸುಪಾಸಿಗೆ ಬಂದಿರುತ್ತದೆ. ಪಾತ್ರೆಯಲ್ಲಿರುವ ಹಿಟ್ಟು ಅಷ್ಟು ಹೊತ್ತೂ ಓವನ್‌ನಿಂದ ದೂರ, ತಂಪು ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಬೆಣ್ಣೆ ಕರಗಿ ನೊರೆ ಕುಸಿಯುತ್ತದೆ. ಕೊನೆಯ ಪದರ ಆದ ಮೇಲೆ ಅಚ್ಚಿನಲ್ಲೇ ಹತ್ತು ನಿಮಿಷ ಬಿಟ್ಟು, ಪಕ್ಕದ ಪಟ್ಟಿ ಬಿಚ್ಚಿ, ಪೂರ್ತಿ ಆರಿಸಬೇಕು. ಆಮೇಲೆ ಏಪ್ರಿಕಾಟ್ ಜಾಮನ್ನು ಒಂದು ಚಮಚ ನೀರಿನಲ್ಲಿ ಕುದಿಸಿ, ಸೋಸಿ, ಬ್ರಷ್ಷಿನಿಂದ ಮೈಗೆಲ್ಲ ಸವರಬೇಕು. ಒಳಗಿನ ತೇವ ಹೊರಗೆ ಹೋಗದಂತೆ, ಚೂರುಗಳು ಚಾಕೊಲೇಟಿಗೆ ಹತ್ತದಂತೆ ತಡೆಯುವುದು ಈ ಜಾಮಿನ ಪದರ. ಅದರ ಸಣ್ಣ ಹುಳಿ ಬೇರೆ, ಬೆಣ್ಣೆಯ ಜಿಡ್ಡಿಗೆ ಬೇಕೇ ಬೇಕು.

ಚಾಕೊಲೇಟ್ ಕರಗಿಸುವುದರಲ್ಲಿ ಅವಸರ ಸಲ್ಲದು. ಕಪ್ಪು ಚಾಕೊಲೇಟನ್ನು 45 ಡಿಗ್ರಿಗೆ ಕರಗಿಸಿ, 28ಕ್ಕೆ ಇಳಿಸಿ, ಮತ್ತೆ 31, 32ಕ್ಕೆ ಏರಿಸಿ ಹುಯ್ಯಬೇಕು. ಕೋಕೋ ಬೆಣ್ಣೆ ಹರಳುಗಟ್ಟುವ ಬಗೆಗಳು ಹಲವು. ಈ ಏರಿಳಿತದಲ್ಲಿ ಹೊಳಪು ಕೊಡುವ, ಮುರಿದರೆ ಟಕ್ಕೆನ್ನುವ ಬಗೆಯ ಹರಳು ಮಾತ್ರ ಉಳಿಯುತ್ತದೆ. ಹದ ತಪ್ಪಿದರೆ ಮರುದಿನ ಮೇಲೆ ಬೂದಿ ಬಣ್ಣದ ಪಟ್ಟೆಗಳು ಮೂಡುತ್ತವೆ. ತಿನ್ನಲು ತೊಂದರೆಯಿಲ್ಲ, ಕಣ್ಣಿಗೆ ಮಾತ್ರ ಬೇಸರ. ಲೇಪ ಗಟ್ಟಿಯಾದ ಮೇಲೆ ಒಂದು ರಾತ್ರಿ ಬಿಡಬೇಕು. ರಮ್, ನಿಂಬೆ, ಬಾದಾಮಿ ಬೇರೆ ಬೇರೆಯಾಗಿ ಇದ್ದದ್ದು ಬೆಳಗಿನ ಹೊತ್ತಿಗೆ ಒಂದಾಗಿರುತ್ತದೆ.

ಕುಯ್ಯುವುದಕ್ಕೂ ರೀತಿಯಿದೆ. ಅಂಗಡಿಯ ಕಂಬದಂಥ ಬೌಮ್‌ಕೂಖೆನ್ನನ್ನು ತಿಳಿದವರು ತ್ರಿಕೋನವಾಗಿ ಕುಯ್ಯುವುದಿಲ್ಲ, ಚಾಕು ಅಡ್ಡ ಹಿಡಿದು ಮೇಲಿನಿಂದ ತೆಳ್ಳಗಿನ ಹೋಳುಗಳನ್ನು ಸವರಿ ತೆಗೆಯುತ್ತಾರೆ. ತೆಳುವಾಗಿದ್ದಷ್ಟೂ ನಾಲಗೆಯ ಮೇಲೆ ಬೇಗ ಕರಗುತ್ತದೆ. ಮನೆಯ ಅಚ್ಚಿನದರಲ್ಲಿ ಪದರಗಳು ಅಡ್ಡಕ್ಕೆ ಮಲಗಿರುವುದರಿಂದ ನೇರವಾಗಿ ಕೆಳಗೆ ಕುಯ್ಯಬೇಕು. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಕುಯ್ದರೆ ಚಾಕೊಲೇಟ್ ಒಡೆಯದೆ ಗೆರೆಗಳು ಒಂದೊಂದೂ ಎಣಿಸುವಂತೆ ಕಾಣುತ್ತವೆ. ಲೇಪ ಹಾಕುವ ಮೊದಲೇ ಸಣ್ಣ ಸಣ್ಣ ತ್ರಿಕೋನಗಳಾಗಿ ಕುಯ್ದು ಒಂದೊಂದನ್ನೇ ಚಾಕೊಲೇಟಿನಲ್ಲಿ ಅದ್ದಿ ತೆಗೆಯುವ ಪದ್ಧತಿಯೂ ಇದೆ. ಕ್ರಿಸ್‌ಮಸ್ಸಿನ ಮುಂಚಿನ ನಾಲ್ಕು ವಾರ ಇಲ್ಲಿನ ಅಂಗಡಿಗಳಲ್ಲಿ ಅವು ಪೊಟ್ಟಣ ಪೊಟ್ಟಣವಾಗಿ ಕೂತಿರುತ್ತವೆ. ನಾನು ಮೇಲಿನ ಮನೆಗೆ ಕೊಡುವುದು ಅವನ್ನೇ, ಸಿಹಿ ಮಿತವಾಗಿ ತಿನ್ನುವವರಿಗೆ ಅದೇ ಅನುಕೂಲ.

ಈ ಡಿಸೆಂಬರಿನಲ್ಲಿ ಕಾರವಾರಕ್ಕೆ ಹೋಗುವವರಿದ್ದೇವೆ. ಅಮ್ಮ ತನಗೂ ಬೇಕೆಂದಿದ್ದಾಳೆ, ಬಾಯಿ ಮನೆಗೂ ಒಂದು ತುಂಡು ಕೊಡಬೇಕೆಂದಿದ್ದಾಳೆ. ಕರಾವಳಿಯ ಸೆಖೆಗೆ ಚಾಕೊಲೇಟಿನ ಲೇಪ ತಾಳುವುದಿಲ್ಲ, ಹಾಗಾಗಿ ಅಲ್ಲಿಗೆ ಒಯ್ಯುವುದಕ್ಕೆ ಸಕ್ಕರೆ ಪುಡಿಯನ್ನು ನಿಂಬೆರಸದಲ್ಲಿ ಕಲಸಿದ ಬಿಳಿ ಲೇಪವನ್ನೇ ಹಾಕುವುದೆಂದು ಮಾಡಿದ್ದೇನೆ. ಕುಯ್ಯದೆ ಇಡಿಯಾಗಿಯೇ ಒಯ್ಯಬೇಕು, ಕುಯ್ದ ಕಡೆಯಿಂದ ಬೇಗ ಒಣಗುತ್ತದೆ. ಅಮ್ಮನ ಹತ್ತಿರ ಅಲಗು ತೆಳ್ಳಗಿನ ಉದ್ದನೆಯ ಚಾಕು ಇದೆಯೋ ಇಲ್ಲವೋ ಕೇಳಬೇಕು.